'ಸಾರಿ ಕೇಳು' ಅಂತ ಇಂಗ್ಲಿಷಿನಲ್ಲಿ ಹೇಳಲಾಗದು

ತಪ್ಪು, ಬೇಸರ ಹೇಳಿಕೊಳ್ಳಲು ಇಂಗ್ಲಿಷಿನಲ್ಲಿ ರಿಗ್ರೆಟ್, ಅಪಾಲಜೈಸ್, ಸಾರಿ, ರಿಮೋರ್ಸ್ ಎಂಬ ಪದಗಳಿವೆ, ಆದರೆ ಅವುಗಳ ಅರ್ಥ ಒಂದೇ ಅಲ್ಲ. ಮಳೆಗಾಲದಲ್ಲಿ ಕಾರವಾರ, ಅಂಕೋಲಾ, ಕುಮಟಾ ಸ್ಟೇಷನ್ನಿನಲ್ಲಿ ಗಾಡಿ ತಡವಾದರೆ ಇಂಗ್ಲಿಷ್ ಘೋಷಣೆ 'ಡೀಪ್ಲಿ ರಿಗ್ರೆಟೆಡ್' ಎಂದು ಮುಗಿಯುತ್ತದೆ. ಅಲ್ಲಿ 'ಅಪಾಲಜೈಸ್' ಇರುವುದಿಲ್ಲ. ರಿಗ್ರೆಟ್ ಎಂದರೆ ಹೀಗಾಗಬಾರದಿತ್ತು ಎಂಬ ವಿಷಾದ, ಅಷ್ಟೇ. ತಪ್ಪು ಯಾರದೆಂದು ಆ ಪದ ಹೇಳುವುದಿಲ್ಲ. ಗುಡ್ಡ ಕುಸಿದು ಗಾಡಿ ನಿಂತರೂ, ಸಿಗ್ನಲ್ ಕೆಟ್ಟು ನಿಂತರೂ ಅದೇ ಮಾತು ನಡೆಯುತ್ತದೆ. ಜೊತೆಗೆ ಕರ್ಮಣಿ ಪ್ರಯೋಗ: ವಿಷಾದಿಸುವವರು ಯಾರೆಂಬುದೂ ವಾಕ್ಯದಲ್ಲಿಲ್ಲ.

ಅಪಾಲಜೈಸ್ ಎಂದಿರೋ, ತಪ್ಪು ನಮ್ಮದೆಂದು ಒಪ್ಪಿದಂತೆ. ಗೋಕರ್ಣದ ಹೋಂಸ್ಟೇಯಲ್ಲಿ ಬುಕ್ ಮಾಡಿದ ರೂಮು ಅತಿಥಿಗೆ ಸಿಗದಿದ್ದರೆ ಬರೆಯಬೇಕಾದ್ದು ಇದೇ ಪದ, ರಿಗ್ರೆಟ್ ಅಲ್ಲ. ಕ್ರಿಯಾಪದ 'ಅಪಾಲಜೈಸ್', ನಾಮಪದದ ಬಹುವಚನ 'ಅಪಾಲಜೀಸ್'. 'ವಿ ಅಪಾಲಜೀಸ್' ಎಂದು ಬೋರ್ಡಿನಲ್ಲಿ ಬರೆದರೆ ವಾಕ್ಯಕ್ಕೆ ಕ್ರಿಯಾಪದವೇ ಇಲ್ಲದಂತಾಗುತ್ತದೆ. 'ಐ ಅಪಾಲಜೈಸ್ ಯು' ಕೂಡ ತಪ್ಪು. ವ್ಯಕ್ತಿಯ ಮುಂದೆ 'ಟು', ಕಾರಣದ ಮುಂದೆ 'ಫಾರ್' ಬೇಕು: 'ಐ ಅಪಾಲಜೈಸ್ ಟು ಯು ಫಾರ್ ದ ಡಿಲೇ'.

ಸಾರಿಯದು ಇದಕ್ಕಿಂತ ದೊಡ್ಡ ಸಂಸಾರ. ನಾವು ಮಕ್ಕಳಿಗೆ 'ಅಕ್ಕನ ಹತ್ರ ಸಾರಿ ಕೇಳು' ಅನ್ನುತ್ತೇವೆ, ಯಾಕೆಂದರೆ ಕನ್ನಡದಲ್ಲಿ ಕ್ಷಮೆ ಕೇಳುವಂಥದ್ದು. ಇಂಗ್ಲಿಷಿನಲ್ಲಿ ಸಾರಿಯನ್ನು ಕೇಳುವುದಿಲ್ಲ, ಹೇಳುತ್ತಾರೆ: 'ಸೇ ಸಾರಿ'. 'ಆಸ್ಕ್' ಬೇಕಿದ್ದರೆ 'ಆಸ್ಕ್ ಫಾರ್ ಫರ್ಗಿವ್‌ನೆಸ್'. ನಮ್ಮ ಶಾಲೆಗಳಲ್ಲಿ 'ಹೀ ಆಸ್ಕ್‌ಡ್ ಸಾರಿ' ಎಂಬ ವಾಕ್ಯ ಹುಟ್ಟುವುದು ಇಲ್ಲಿಂದಲೇ.

ಸಾರಿಯ ನಂತರ ಬರುವ ಚಿಕ್ಕ ಪದದಿಂದ ಅರ್ಥವೇ ತಿರುಗುತ್ತದೆ. ಈಗ ಮಾಡುತ್ತಿರುವುದಕ್ಕೆ 'ಸಾರಿ ಟು ಡಿಸ್ಟರ್ಬ್ ಯು', ಆಗಿಹೋದದ್ದಕ್ಕೆ 'ಸಾರಿ ಫಾರ್ ಶೌಟಿಂಗ್', ಒಟ್ಟಾರೆ ಸಂಗತಿಗೆ 'ಸಾರಿ ಅಬೌಟ್ ದ ನಾಯ್ಸ್'. ಆದರೆ 'ಫಾರ್' ಆದಮೇಲೆ ವ್ಯಕ್ತಿ ಬಂದರೆ ಅದು ಕ್ಷಮೆಯಲ್ಲ, ಕನಿಕರ. ಸಿಟ್ಟಾದ ಅತಿಥಿಗೆ 'ವಿ ಆರ್ ಸಾರಿ ಫಾರ್ ಯು' ಎಂದು ಬರೆದರೆ 'ಪಾಪ, ನಿಮ್ಮ ಗತಿಯೇ' ಅಂದ ಹಾಗಾಗಿ ಸಿಟ್ಟು ಇಮ್ಮಡಿಸುತ್ತದೆ. ಸಾವಿನ ಮನೆಯಲ್ಲಿ ಹೇಳುವ 'ಸಾರಿ ಫಾರ್ ಯುವರ್ ಲಾಸ್' ಎಂಬುದರಲ್ಲೂ ತಪ್ಪೊಪ್ಪಿಗೆ ಇಲ್ಲ, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ ಎಂಬುದಷ್ಟೇ. ನನಗೆ ತೀರಾ ಹಿಡಿಸದ್ದು 'ಸಾರಿ ಇಫ್ ಯು ಫೆಲ್ಟ್ ಬ್ಯಾಡ್'. 'ಇಫ್' ಸೇರಿದೊಡನೆ ತಪ್ಪು ನಡೆದಿದೆಯೇ ಎಂಬುದೇ ಅನುಮಾನವಾಗಿ, ಭಾರವೆಲ್ಲ ನೊಂದವರ ತಲೆಗೆ ಹೋಗುತ್ತದೆ. ಬರೆಯಬೇಡಿ.

ರಿಗ್ರೆಟ್ ಕೂಡ ಹಿಂಬಾಲಿಸುವ ಪದದಿಂದ ಅರ್ಥ ಬದಲಿಸುತ್ತದೆ. 'ರಿಗ್ರೆಟ್ ಟು ಇನ್ಫಾರ್ಮ್' ಎಂದರೆ ಕೆಟ್ಟ ಸುದ್ದಿ ಈಗ ಹೇಳುತ್ತಿದ್ದೇವೆ. 'ರಿಗ್ರೆಟ್ ಇನ್ಫಾರ್ಮಿಂಗ್' ಎಂದರೆ ಅಂದು ಹೇಳಬಾರದಿತ್ತು.

ರಿಮೋರ್ಸ್ ಇವೆಲ್ಲಕ್ಕಿಂತ ಆಳದ್ದು. ಲ್ಯಾಟಿನ್ ಮೂಲದಲ್ಲಿ ಅದರರ್ಥ ತಿರುಗಿ ಕಚ್ಚುವುದು. ಬೇರೆಯವರಿಗೆ ಕೇಡು ಮಾಡಿದವನ ಒಳಗೆ ಕೊರೆಯುವ ಪಶ್ಚಾತ್ತಾಪ ಅದು. ಪರೀಕ್ಷೆಗೆ ಓದದೇ ಹೋದದ್ದಕ್ಕೆ ರಿಗ್ರೆಟ್ ಸಾಕು. ಗೆಳೆಯನಿಗೆ ಮೋಸ ಮಾಡಿದ್ದಕ್ಕೆ ರಿಮೋರ್ಸ್. ಇದಕ್ಕೆ ಬಹುವಚನವಿಲ್ಲ, ಮುಂದೆ 'ಎ' ಹಚ್ಚುವ ಹಾಗಿಲ್ಲ. 'ಫೀಲ್', 'ಶೋ' ಎಂಬ ಕ್ರಿಯಾಪದಗಳ ಜೊತೆ ಬರುತ್ತದೆ. ಶಿಕ್ಷೆ ನಿರ್ಧರಿಸುವಾಗ ಕೋರ್ಟುಗಳು ಅಪರಾಧಿ ರಿಮೋರ್ಸ್ ತೋರಿದ್ದಾನೆಯೇ ಎಂದು ನೋಡುವುದುಂಟು. ಅಪಾಲಜಿಯೂ ಅಲ್ಲಿ ತೂಗುತ್ತದೆ: 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 12ನೇ ಕಲಮಿನಂತೆ, ಕ್ಷಮಾಪಣೆ ಕೋರ್ಟಿಗೆ ಸಮಾಧಾನ ತಂದರೆ ಶಿಕ್ಷೆಯನ್ನು ಬಿಡಬಹುದು.

ನಮ್ಮ ಕಡೆ ಹರಕೆ ಮರೆತವರು ದೇವರಿಗೆ ತಪ್ಪುಕಾಣಿಕೆ ಹಾಕುತ್ತಾರಲ್ಲ, ಅದಕ್ಕೆ ರಿಮೋರ್ಸ್ ಎನ್ನಲಾಗದು. ಮನಸ್ಸಿನ ಸಂಕಟ ರಿಮೋರ್ಸ್, ಕೈಯಿಂದ ಸಲ್ಲಿಸುವ ಪ್ರಾಯಶ್ಚಿತ್ತ 'ಅಟೋನ್‌ಮೆಂಟ್'. ರಜಾ ಅರ್ಜಿ, ತಡವಾದ ಬಿಲ್ಲು, ಬದಲಾದ ಬಸ್ಸಿನ ಸಮಯ ಇಂಥ ಕಡೆಗಳಲ್ಲಿ ರಿಮೋರ್ಸ್ ಬಳಸಿದರೆ ಓದಿದವರು ಏನೋ ಅನಾಹುತವಾಗಿದೆ ಎಂದು ಗಾಬರಿಯಾದಾರು. ಅಲ್ಲಿಗೆ ಅಪಾಲಜೈಸ್ ಸಾಕು, ಕೆಳಗೆ ಕಾರಣ ಒಂದು ಸಾಲು, ಸರಿಪಡಿಸುವ ದಿನಾಂಕ ಇನ್ನೊಂದು ಸಾಲು.