ಕೂಡಿಕೆ ಹುಡುಕಿಕೊಂಡು: ಇಳಕಲ್ಲಿನಿಂದ ವಿಜಯಪುರದವರೆಗೆ

ಬೆಳಗಾವಿಯ ನಮ್ಮ ಮನೆಯಲ್ಲಿ ನಾನು ಹೊಲಿಯುವ ಕೌದಿಗಳು ಹೊದೆಯುವುದಕ್ಕಲ್ಲ, ಗೋಡೆಗೆ ತೂಗುಹಾಕುವುದಕ್ಕೆ. ಕಚೇರಿಯ ಕೆಲಸ ಮುಗಿದ ಮೇಲೆ ಚೌಕಳಿ ಕಾಗದದಲ್ಲಿ ನಕ್ಷೆ ಬರೆದು, ಆ ಅಳತೆಗೆ ಬಟ್ಟೆ ಕತ್ತರಿಸಿ, ತುಂಡುಗಳನ್ನು ಜೋಡಿಸಿ, ನಡುವೆ ತೆಳುವಾದ ಹತ್ತಿಯ ಪದರವಿಟ್ಟು, ಹಿಂದೊಂದು ಬಟ್ಟೆ ಕೊಟ್ಟು ಮೂರನ್ನೂ ಸೇರಿಸಿ ಹೊಲಿಯುವುದು ಬಹುಕಾಲದ ಹವ್ಯಾಸ. ಚಿತ್ರಕಾರರು ಬಣ್ಣಗಳನ್ನು ಬೆರೆಸುತ್ತಾರೆ. ಬಟ್ಟೆಯಲ್ಲಿ ಬಣ್ಣ ಬೆರೆಯುವುದಿಲ್ಲ, ಒಂದರ ಮಗ್ಗುಲಿಗೆ ಇನ್ನೊಂದು ನಿಲ್ಲುತ್ತದೆ ಅಷ್ಟೆ. ಹೀಗಾಗಿ ಅಲಂಕಾರದ ಕೌದಿಯ ಚೆಲುವು ತುಂಡುಗಳಲ್ಲಿ ಇರುವುದಕ್ಕಿಂತ ಅವು ಕೂಡುವ ಜಾಗದಲ್ಲಿಯೇ ಹೆಚ್ಚು ಇರುತ್ತದೆ ಎಂಬುದು ನನ್ನ ಎಣಿಕೆ. ಈ ಕೂಡಿಸುವ ಕೆಲಸವನ್ನು ನಮ್ಮ ಸೀಮೆಯ ನೇಕಾರರು, ಕೌದಿ ಹೊಲಿಯುವವರು, ಕಲ್ಲುಕುಟಿಗರು ಹೇಗೆ ಮಾಡಿದ್ದಾರೆಂದು ನೋಡಲು ದೀಪಾವಳಿ ಮುಗಿದ ಮೇಲೆ ನಾದಿನಿಯನ್ನು ಜೊತೆ ಮಾಡಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆ.

ಮೊದಲು ಹೋದದ್ದು ಇಳಕಲ್ಲಿಗೆ. ಸೀರೆ ಕೊಳ್ಳಲು ಬಂದವರಿಗೆ ಅಂಗಡಿ ಸಾಕು. ನನಗೆ ಬೇಕಾಗಿದ್ದುದು ಮಗ್ಗ. ಅಂಗಡಿಯವರೇ ಒಂದು ಓಣಿಯ ಮನೆಯನ್ನು ತೋರಿಸಿದರು. ಅಲ್ಲಿ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತ ನೇಕಾರರೊಬ್ಬರು ನೀಲಿ ಮೈಯ ಸೀರೆಯನ್ನು ನೇಯುತ್ತಿದ್ದರು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ, ಅಂಚಿನ ಹಾಸು ಬೇರೆ. ಮೈ ಹೆಚ್ಚಾಗಿ ಹತ್ತಿಯದು, ಸೆರಗು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಮೈಯ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದರೊಳಗೊಂದು ಕುಣಿಕೆಯಾಗಿ ಸಿಕ್ಕಿಸಿ ಕೂಡಿಸುತ್ತಾರೆ; ಅದಕ್ಕೆ ಕೊಂಡಿ ಎನ್ನುತ್ತಾರೆ. ಆ ಕಾರಣದಿಂದಲೇ ಹತ್ತಾರು ಸೀರೆಗಳಿಗೆ ಸಾಲುವಷ್ಟು ಉದ್ದನೆಯ ಹಾಸನ್ನು ಒಮ್ಮೆಲೇ ಮಗ್ಗಕ್ಕೆ ಏರಿಸಿ ನೇಯ್ದುಕೊಂಡು ಹೋಗುವಂತಿಲ್ಲ. "ಒಂದೊಂದು ಸೀರಿಗೂ ಬ್ಯಾರೆ ಹಾಸು ಮಾಡ್ಕೋಬೇಕ್ರೀ ಅಕ್ಕಾರ, ಇಲ್ಲಾಂದ್ರ ಸೆರಗು ಕೂಡೂದಿಲ್ಲ" ಎಂದು ಅವರು ಮಗ್ಗ ನಿಲ್ಲಿಸದೆಯೇ ಹೇಳಿದರು. ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿ ಮುಗಿದ ಸೀರೆಯೊಂದನ್ನು ಬಿಚ್ಚಿ ಕೂಡಿಕೆಯ ಮೇಲೆ ನನ್ನ ಬೆರಳು ಇಡಿಸಿದರು.

ಅಲ್ಲಿ ಉಬ್ಬೇ ಇಲ್ಲ. ಹೊಲಿಗೆ ಯಂತ್ರದಲ್ಲಿ ಎರಡು ತುಂಡು ಕೂಡಿಸುವಾಗ ನಾವು ಎರಡೂ ಕಡೆ ಕಾಲು ಇಂಚು ಬಟ್ಟೆಯನ್ನು ಒಳಗೆ ಬಿಡುತ್ತೇವೆ. ಆ ಕಾಲು ಇಂಚು ಒಂದು ಮಗ್ಗುಲಿಗೆ ಮಡಿದು ದಪ್ಪವಾಗುತ್ತದೆ. ಆರೆಂಟು ತುಂಡುಗಳು ಒಂದು ಬಿಂದುವಿನಲ್ಲಿ ಕೂಡಿದರೆ ಅಲ್ಲೊಂದು ಗಂಟಿನಂತೆ ಎದ್ದು ನಿಲ್ಲುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ. ಇಲ್ಲಿ ನೀಲಿ ಮುಗಿದು ಕೆಂಪು ಶುರುವಾಗುವ ಗೆರೆ ಎಳೆಯ ದಪ್ಪದಲ್ಲಿಯೇ ಅಡಗಿದೆ. ಸೆರಗಿನಲ್ಲಿ ಕೆಂಪಿನ ಮೂರು ಪಟ್ಟಿಗಳು, ಅವುಗಳ ನಡುವೆ ಬಿಳಿಯ ಎರಡು ಪಟ್ಟಿಗಳು. ಆ ಬಿಳಿಯಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಗಳ ಆಕಾರಗಳು. ಹಳೆಯ ಇಳಕಲ್ ಸೀರೆಯನ್ನು ಕೌದಿಗೆ ಬಳಸುವಾಗ ಎಲ್ಲರೂ ಮಾಡುವಂತೆ ನಾನೂ ಸೆರಗನ್ನು ಬೇರೆ, ಮೈಯನ್ನು ಬೇರೆ ಕತ್ತರಿಸಿಕೊಳ್ಳುವುದು ರೂಢಿ. ಅದರ ಬದಲು ಕೊಂಡಿಯನ್ನು ನಡುವೆ ಉಳಿಸಿಕೊಂಡು, ಅರ್ಧ ನೀಲಿ ಅರ್ಧ ಕೆಂಪು ಇರುವಂತೆ ಪಟ್ಟಿ ಕತ್ತರಿಸಿದರೆ ನೇಕಾರನ ಕೂಡಿಕೆಯೇ ಕೌದಿಯ ಗೆರೆಯಾಗುತ್ತದೆ. ಒಂದು ಕಿವಿಮಾತು: ಸೀರೆ ತೀರಾ ಹಳತಾಗಿ ಕುಣಿಕೆ ಸಡಿಲಾಗಿದ್ದರೆ ಕತ್ತರಿ ಹಾಕುವ ಮೊದಲು ಹಿಂಬದಿಗೆ ತೆಳು ಅಸ್ತರು ಅಂಟಿಸಿಕೊಳ್ಳಬೇಕು.

ಅಮೀನಗಡದಲ್ಲಿ ಬಸ್ಸು ಬದಲಿಸುವಾಗ ನಾದಿನಿ ಕರದಂಟು ಕೊಂಡಳು. ಅಂಟು ಅಂಟಾದ ಆ ಬೆರಳುಗಳಿಂದ ನನ್ನ ಬಟ್ಟೆಯ ಚೀಲವನ್ನು ಮುಟ್ಟಗೊಡದೆ ಕಾಪಾಡುವುದೇ ಗುಳೇದಗುಡ್ಡದವರೆಗಿನ ಕೆಲಸವಾಯಿತು.

ಗುಳೇದಗುಡ್ಡದ ಖಣವನ್ನು ಕುಪ್ಪಸಕ್ಕೆಂದೇ ನೇಯುತ್ತಾರೆ. ತೇರು, ಆನೆ ಹೆಜ್ಜೆ ಮೊದಲಾದ ಬುಟ್ಟಿಗಳು, ಎಂದರೆ ನೇಯ್ಗೆಯಲ್ಲಿ ಮೂಡಿಸಿದ ಚಿಕ್ಕ ಚಿತ್ರಗಳು, ಬಟ್ಟೆಯ ತುಂಬ ಸಾಲುಗಟ್ಟಿರುತ್ತವೆ, ಎರಡು ಕಡೆಯೂ ಬೇರೆ ಬಣ್ಣದ ಅಂಚು. ಕೌದಿಯ ಕಣ್ಣಿನಿಂದ ನೋಡುವವರಿಗೆ ಖಣ ಆಸೆಯ ವಸ್ತುವೂ ಹೌದು, ಕಿರಿಕಿರಿಯ ವಸ್ತುವೂ ಹೌದು. ಬುಟ್ಟಿ ಚಿಕ್ಕದಾದ್ದರಿಂದ ಎರಡು ಇಂಚಿನ ತುಂಡಿನಲ್ಲಿಯೂ ವಿನ್ಯಾಸ ಪೂರ್ತಿ ಕಾಣುತ್ತದೆ, ಬೆಳಕಿನ ದಿಕ್ಕಿಗೆ ತಕ್ಕಂತೆ ಬಣ್ಣ ಹೊಳೆಯುತ್ತದೆ. ಆದರೆ ಕತ್ತರಿಸಿದ ಕೂಡಲೇ ಅಂಚಿನ ಎಳೆಗಳು ಬಿಚ್ಚಿಕೊಳ್ಳತೊಡಗುತ್ತವೆ, ಕಾಲು ಇಂಚಿನ ಹೊಲಿಗೆಯಲ್ಲಿ ನಿಲ್ಲುವುದೇ ಇಲ್ಲ. ಅರ್ಧ ಇಂಚು ಬಿಡಬೇಕು, ಹಿಂದೆ ಅಸ್ತರು ಬೇಕು. ಕಡುಗೆಂಪು ಮತ್ತು ಕಪ್ಪು ಖಣಗಳನ್ನು ಬೇರೆಯಾಗಿ ನೆನೆಸಿ, ಬಿಳಿ ಬಟ್ಟೆಯಿಂದ ಒತ್ತಿ ನೋಡಿ, ಬಣ್ಣ ಬಿಡುವುದು ನಿಂತ ಮೇಲೆಯೇ ಕತ್ತರಿಸುವುದು ಒಳ್ಳೆಯದು. ಅಂಗಡಿಯಲ್ಲಿ ಕುಪ್ಪಸ ಹೊಲಿದು ಉಳಿದ ತುಂಡುಗಳನ್ನು ಕೇಳಿದೆ. ಮಾಲೀಕರು ಮೊದಲು ನಕ್ಕರು, ಆಮೇಲೆ ಪಕ್ಕದ ದರ್ಜಿಯ ಬಳಿ ಕಳಿಸಿದರು.

ಆ ದರ್ಜಿಯ ಮನೆಯ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದ ಇಬ್ಬರು ಹೆಂಗಸರನ್ನು ಕಂಡದ್ದು ಈ ಪ್ರವಾಸದ ನಿಜವಾದ ಲಾಭ. ಹಿರಿಯಾಕೆ ದರ್ಜಿಯ ತಾಯಿ, ಇನ್ನೊಬ್ಬಾಕೆ ನೆರೆಮನೆಯವರು. ಕೆಳಗೆ ಹಳೆಯ ಸೀರೆ ಹಾಸಿ, ಅದರ ಮೇಲೆ ಧೋತರ, ಅಂಗಿ, ಲಂಗಗಳ ತುಂಡುಗಳನ್ನು ಪದರ ಪದರವಾಗಿ ಹರವಿ, ಮೇಲೊಂದು ಸೀರೆ ಮುಚ್ಚಿ, ಇಬ್ಬರೂ ಎದುರುಬದಿರು ಕುಳಿತು ಅಂಚಿನಿಂದ ಒಳಗೊಳಗೆ ಸುತ್ತುಹಾಕಿಕೊಂಡು ಟಾಕಿ (ಕೈಹೊಲಿಗೆ) ಹಾಕುತ್ತಿದ್ದರು. ಮೇಲಿನ ಸೀರೆ ಸವೆದ ಕಡೆಗಳಲ್ಲಿ ಬೇರೆ ಬಣ್ಣದ ತುಂಡುಗಳನ್ನಿಟ್ಟು ಮುಚ್ಚಿದ್ದರು. ಹಸಿರು, ಹಳದಿ, ಗುಲಾಬಿಯ ಆ ತೇಪೆಗಳೇ ಕೌದಿಯ ಅಲಂಕಾರ. ನನ್ನ ಚೌಕಳಿ ಕಾಗದದ ನಕ್ಷೆಯನ್ನು ಹಿರಿಯಾಕೆಗೆ ತೋರಿಸಿದೆ. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಚಂದ ಐತಿ ತಂಗಿ. ಆದ್ರ ಮೊದ್ಲ ಅರಿವಿ ಎಷ್ಟೈತಿ ನೋಡ್ಬೇಕು, ಆಮ್ಯಾಲ ನಕ್ಷಿ" ಎಂದರು. ನಡುವೆ ಹೊಲಿಗೆ ಶುರುಮಾಡಿ ಹೊರಗೆ ಹೋಗಬಾರದೇಕೆಂದು ಕೇಳಿದ್ದಕ್ಕೆ, ಅಂಚು ಮೊದಲು ಗಟ್ಟಿಯಾಗದಿದ್ದರೆ ಒಳಗಿನ ತುಂಡುಗಳೆಲ್ಲ ಜಾರಿ ಒಂದು ಮೂಲೆಗೆ ಸೇರುತ್ತವೆ ಎಂಬ ಉತ್ತರ ಬಂತು. ಯಂತ್ರದಲ್ಲಿ ಹೊಲಿಯುವ ನಮಗೆ ಪುಸ್ತಕಗಳು ಕಲಿಸುವುದು ಇದರ ತಿರುವುಮುರುವು: ನಡುವಿನಿಂದ ಹೊರಗೆ ಹೋಗಬೇಕು, ಇಲ್ಲವಾದರೆ ಮಧ್ಯದಲ್ಲಿ ಗಾಳಿ ತುಂಬಿದಂತೆ ಉಬ್ಬುತ್ತದೆ. ಎರಡೂ ಸರಿಯೇ. ನಮ್ಮ ನಡುಪದರ ಒಂದೇ ಹಾಳೆ, ಅವರದು ಬಿಡಿ ಚೂರುಗಳ ಹರವು. ತುಂಬುವ ವಸ್ತು ಬದಲಾದರೆ ಹೊಲಿಗೆಯ ದಾರಿಯೂ ಬದಲಾಗಲೇಬೇಕು. ಅವರ ಟಾಕಿಗಳು ಜೋಳದ ಕಾಳಿನಷ್ಟು ಉದ್ದ, ಸಾಲುಗಳ ನಡುವಿನ ಅಂತರ ಒಂದು ಬೆರಳಿಗಿಂತ ಕಡಿಮೆ. ಮುಗಿದ ಕೌದಿಯನ್ನು ಮುಟ್ಟಿದರೆ ಸಾಲು ಸಾಲಾದ ಏರಿಳಿತಗಳು ಕೈಗೆ ಸಿಗುತ್ತವೆ. ಬೇರೆ ಬೇರೆ ಬಣ್ಣದ ತುಂಡುಗಳನ್ನು ಒಂದೇ ವಸ್ತುವಾಗಿ ಮಾಡುವುದು ನಕ್ಷೆಯಲ್ಲ, ಎಲ್ಲದರ ಮೇಲೂ ಹಾದುಹೋಗುವ ಈ ದಾರ ಎಂಬುದು ಅಲ್ಲಿ ಖಚಿತವಾಯಿತು.

ಬಾದಾಮಿಯಲ್ಲಿ ನಾನು ತಲೆ ಎತ್ತಿಕೊಂಡೇ ತಿರುಗಿದೆ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಜನ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ಗುಹೆಯ ಮೇಲ್ಛಾವಣಿ: ಚೌಕದೊಳಗೆ ಒಂದು ಚಕ್ರ, ಅದಕ್ಕೆ ಅರಗಳಾಗಿ ಹದಿನಾರು ಮೀನುಗಳು. ದುಂಡಗಿನ ಕಾಗದವನ್ನು ನಾಲ್ಕು ಸಲ ಅರ್ಧರ್ಧವಾಗಿ ಮಡಿಚಿದರೆ ಸರಿಯಾಗಿ ಹದಿನಾರು ಭಾಗಗಳಾಗುತ್ತವೆ, ಅಳತೆಪಟ್ಟಿಯೇ ಬೇಡ. ಒಂದು ಮೀನಿನ ಅಚ್ಚು ಕತ್ತರಿಸಿಕೊಂಡರೆ ಉಳಿದವನ್ನು ಅದರಿಂದಲೇ ತೆಗೆಯಬಹುದು. ಹದಿನಾರು ತುದಿಗಳು ಕೂಡುವ ನಡುಬಿಂದುವಿನ ಗಂಟಿನ ಸಮಸ್ಯೆಯೂ ಅಲ್ಲಿಲ್ಲ, ಏಕೆಂದರೆ ಚಕ್ರದ ನಡುವೆ ಗುಂಬವಿದೆ. ಅದರ ಜಾಗದಲ್ಲಿ ಒಂದು ದುಂಡು ತುಂಡನ್ನು ಮೇಲಿಟ್ಟು ಹೊಲಿದರಾಯಿತು. ಐಹೊಳೆಯ ದುರ್ಗದ ಗುಡಿಯ ಜಾಲಂಧ್ರಗಳನ್ನೂ ಹಿಂದೆ ನೋಡಿ ಬರೆದುಕೊಂಡಿದ್ದೆನಾದ್ದರಿಂದ ಈ ಸಲ ಅತ್ತ ಹೋಗಲಿಲ್ಲ.

ಬಾಗಲಕೋಟೆಯಿಂದ ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟಿ ವಿಜಯಪುರ ಸೇರಿದೆವು. ಗೋಳಗುಮ್ಮಟಕ್ಕೆ ಬಂದವರೆಲ್ಲ ಮೇಲಿನ ಮೊಗಸಾಲೆಗೆ ಹತ್ತಿ ಕೂಗುತ್ತಾರೆ, ನಾದಿನಿಯೂ ಹೋದಳು. ನಾನು ಕೆಳಗೇ ಉಳಿದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಈ ಗೋರಿಯ ಒಳಗೆ ಬದಿಗೆ ಸುಮಾರು 41 ಮೀಟರಿನ ಚೌಕ, ಮೇಲೆ ದುಂಡು ಗುಮ್ಮಟ. ಚೌಕಕ್ಕೂ ದುಂಡಿಗೂ ಎಲ್ಲಿಯ ಕೂಡಿಕೆ? ಎಂಟು ಕಮಾನುಗಳು ಒಂದನ್ನೊಂದು ಛೇದಿಸುತ್ತ ಒಳಕ್ಕೆ ಬಾಗಿ ಗುಮ್ಮಟಕ್ಕೆ ಪೀಠ ಕಟ್ಟಿಕೊಡುತ್ತವೆ. ಕೆಳಗಿನಿಂದ ನೋಡಿದರೆ ಎರಡು ಚೌಕಗಳನ್ನು 45 ಡಿಗ್ರಿ ತಿರುಗಿಸಿ ಒಂದರ ಮೇಲೊಂದು ಇಟ್ಟಂತೆ ಎಂಟು ಮೊನೆಗಳ ನಕ್ಷತ್ರ, ಅದರೊಳಗೊಂದು ಅಷ್ಟಕೋನ. ಕಟ್ಟಿಗೆಯ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದೆ: ಚೌಕ 24 ಇಂಚಿನದಾದರೆ ಒಳಗಿನ ಅಷ್ಟಕೋನದ ಬಾಹು ಸುಮಾರು 10 ಇಂಚು, ಪ್ರತಿ ಮೊನೆಯೂ ಸುಮಾರು 7 ಇಂಚಿನ ಎರಡು ಬಾಹುಗಳ ಲಂಬತ್ರಿಕೋನ. ತ್ರಿಕೋನದ ಉದ್ದನೆಯ ಬಾಹುವನ್ನು ಬಟ್ಟೆಯ ಹಾಸಿನ ಎಳೆಗೆ ಸಮನಾಗಿ ಕತ್ತರಿಸಬೇಕು. ದರ್ಜಿಗಳು ಕ್ರಾಸ್ ಎನ್ನುವ ಓರೆಯಲ್ಲಿ ಕತ್ತರಿಸಿದರೆ ಅಷ್ಟಕೋನಕ್ಕೆ ಕೂಡಿಸುವಾಗ ಹಿಗ್ಗಿ ಮೊನೆ ಸೊಟ್ಟಗಾಗುತ್ತದೆ. ಎರಡು ಮೊನೆಗಳ ನಡುವಿನ ಸಂದಿಗೆ ಬಟ್ಟೆ ಕೂರಿಸುವುದು ತ್ರಾಸದ ಕೆಲಸವಾದ್ದರಿಂದ ಇಡೀ ನಕ್ಷತ್ರವನ್ನು ಮೊದಲು ಹೊಲಿದು, ಅಂಚು ಮಡಿಚಿ, ಕಪ್ಪು ಬಟ್ಟೆಯ ಮೇಲೆ ಕೈಹೊಲಿಗೆಯಲ್ಲಿ ಕೂರಿಸುವುದೇ ಲೇಸು. ಸಂಜೆ ಇಬ್ರಾಹಿಂ ರೋಜಾದ ಪಡಸಾಲೆಯ ಛಾವಣಿಯಲ್ಲಿ ಒಂದರಂತೆ ಒಂದಿಲ್ಲದ ಚೌಕಗಳ ಕೆತ್ತನೆಯನ್ನು ಕಂಡಾಗ ಇನ್ನೂ ಹತ್ತು ಕೌದಿಗಳ ಆಸೆ ಹುಟ್ಟಿತಾದರೂ ಪುಸ್ತಕ ಮುಚ್ಚಿದೆ.

ಈಗ ಮೇಜಿನ ಮೇಲಿರುವುದು ಗುಮ್ಮಟದ ನಕ್ಷತ್ರ. ಮೊನೆಗಳು ಖಣದವು, ಸುತ್ತಿನ ಪಟ್ಟಿ ಕೊಂಡಿಯ ಸಮೇತ ಕತ್ತರಿಸಿದ ಇಳಕಲ್ ಸೀರೆಯದು. ಹಿರಿಯಾಕೆ ಹೇಳಿದಂತೆ ಇದ್ದ ಖಣವನ್ನು ಮೊದಲು ಹರವಿ ನೋಡಿದೆ; ಎಂಟು ಮೊನೆಗೆ ಒಂದೇ ಬಣ್ಣ ಸಾಲದೆ ಐದು ಕೆಂಪು, ಮೂರು ಹಸಿರಾದವು. ಮೂರು ಪದರಗಳನ್ನು ಸೇರಿಸುವ ಹೊಲಿಗೆಯನ್ನು ಈ ಸಲ ಯಂತ್ರಕ್ಕೆ ಕೊಡದೆ ದಪ್ಪ ಬಿಳಿ ದಾರದಲ್ಲಿ ಕೈಯಿಂದಲೇ ಹಾಕುತ್ತಿದ್ದೇನೆ. ಹಿಂಬದಿಯ ಮೇಲಂಚಿಗೆ ಕೋಲು ತೂರಿಸಲು ನಾಲ್ಕು ಇಂಚು ಅಗಲದ ಬಟ್ಟೆಯ ಕೊಳವೆ ಹೊಲಿದಾದ ಮೇಲೆ ಬಿಸಿಲು ಬೀಳದ ಪಡಸಾಲೆಯ ಗೋಡೆಗೆ ಅದು ಹೋಗಲಿದೆ.