ಅಂಗಡಿಮೊಗರಿನ ಕೆರೆಯಿಂದ ಆರಿಕ್ಕಾಡಿಗೆ

ಕುಂಬಳೆಯಲ್ಲಿ ರೈಲಿಳಿದು ಸೀತಾಂಗೋಳಿ ಕಡೆಯ ಬಸ್ಸು ಹತ್ತಿದರೆ ಮುರಕಲ್ಲಿನ ಬೋಳುಗುಡ್ಡ, ಗೇರುಮರ, ಮತ್ತೆ ಬೋಳುಗುಡ್ಡ. ಅಂಗಡಿಮೊಗರಿನ ಇಳಿಜಾರಿಗೆ ಬಂದ ಮೇಲೆಯೇ ಅಡಕೆ ತೋಟದ ತಂಪು.

ನೋಡಬೇಕಿದ್ದದ್ದು ತೋಟದ ಕೆರೆಯೊಂದರ 'ಗಿಫ್ಟ್' ಅನ್ನುವ ತಿಲಾಪಿಯ ಮೀನು. ಆಫ್ರಿಕಾದ ನೈಲ್ ತಿಲಾಪಿಯವನ್ನು 1988ರಿಂದ ಫಿಲಿಪೀನ್ಸ್‌ನಲ್ಲಿ ಸುಧಾರಿಸಿ ಮಾಡಿದ ತಳಿ. ಬೇಗ ಬೆಳೀತದೆ. ಹೊರಗಿನ ಮೀನು ಊರಿನ ನೀರಿಗೆ ಬಿದ್ದರೆ ಎಷ್ಟು ಹಾವಳಿ ಮಾಡೀತು ಅಂತ ಅಳೆಯುವ ಎಎಸ್-ಐಎಸ್‌ಕೆ ಪ್ರಶ್ನಾವಳಿ ನನ್ನ ಚೀಲದಲ್ಲಿತ್ತು. 55 ಪ್ರಶ್ನೆ. ಅದರಲ್ಲಿ 6 ಹವಾಮಾನ ಬದಲಾದರೆ ಏನು ಅನ್ನುವುದಕ್ಕೆ. ಪ್ರತಿ ಉತ್ತರದ ಪಕ್ಕ ನಿಮಗೆಷ್ಟು ಖಾತ್ರಿ ಅಂತಲೂ ಬರೀಬೇಕು. ಆ ಪ್ರಾಮಾಣಿಕತೆ ನನಗಿಷ್ಟ.

"ಎಲ್ಲಾ ಗಂಡೇ ಮಾಷ್ಟ್ರೇ, ಮರಿ ಆಗುವ ಮಾತೇ ಇಲ್ಲ" ಅಂದರು ತೋಟದ ಯಜಮಾನರು. ಮರಿಗಳಿಗೆ ತಿಂಡಿಯಲ್ಲಿ ಹಾರ್ಮೋನು ಬೆರೆಸಿ ಗಂಡು ಮಾಡುವುದು ನಿಜ. ನೂರಕ್ಕೆ ನೂರು ಆಗಬೇಕಲ್ವಾ? ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತೆ. ಕೆಸರಿನಲ್ಲಿ ಮೊಟ್ಟೆ ಇಡಲು ಮೀನು ತೋಡಿದ ಊಟದ ತಟ್ಟೆಯಗಲದ ಗುಂಡಿಗಳು. ಒಂದು ಮೀನಿನ ಮೂತಿಯ ಸುತ್ತ ಸಣ್ಣ ಸಣ್ಣ ಮರಿಗಳು. ನನ್ನ ನೆರಳು ಬಿದ್ದದ್ದೇ ತಡ, ಇಡೀ ಹಿಂಡು ತಾಯಿಯ ಬಾಯೊಳಗೆ ಹೊಕ್ಕಿತು.

"ಮಾರಿದವರು ಹಾಗೇ ಹೇಳಿದ್ದು" ಅಂತ ಯಜಮಾನರು ತಲೆ ಕೆರೆದುಕೊಂಡರು. "ಹಾಗಾದ್ರೆ ಇದನ್ನು ತೆಗೆದು ಆಫ್ರಿಕನ್ ಮುಷಿ ಬಿಡ್ಲಾ?"

ಬೇಡವೇ ಬೇಡ ಅಂದೆ. ಅದನ್ನು ಸಾಕುವುದಕ್ಕೆ 2000ದಿಂದಲೇ ದೇಶದಲ್ಲಿ ನಿಷೇಧ ಉಂಟು. ಮುಷಿ ಅಂದರೆ ಕ್ಯಾಟ್‌ಫಿಶ್, ಸಿಕ್ಕಿದ್ದನ್ನೆಲ್ಲ ತಿನ್ನುವ ಮೀನು. ಗಾಳಿ ಉಸಿರಾಡುತ್ತಾ ಒದ್ದೆ ನೆಲದಲ್ಲಿ ತೆವಳಿ ಪಕ್ಕದ ಕೆರೆಗೂ ಹೋದೀತು.

"ಕೆರೆ ತುಂಬಿದ್ರೆ ನೀರು ಎಲ್ಲಿಗೆ?"

"ಕಣಿಗೆ. ಕಣಿಯಿಂದ ತೋಡಿಗೆ. ಮತ್ತೆಂತ, ಹೊಳೆಗೆ."

ಕೆರೆಯ ನೀರು ಹೊರಹೋಗುವ ಪೈಪಿನ ಬಾಯಿಗೆ ಕಟ್ಟಿದ್ದ ಬಲೆ ಬಿಸಿಲಿಗೆ ಪುಡಿಯಾಗಿತ್ತು. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿದು. ಮೀನಿನ ಗುಣದ ಬಗ್ಗೆ ಎಷ್ಟು ಕಾಲಂ ತುಂಬಿದರೂ ನನಗೆ ಮುಖ್ಯ ಅನಿಸಿದ್ದು ಆ ಪೈಪೇ.

ಸಂಜೆ ಆರಿಕ್ಕಾಡಿಯಲ್ಲಿ ಇಳಿದೆ. ಶಿರಿಯಾ ಹೊಳೆ ಇಲ್ಲಿಗೆ ಬರುವಾಗ ಉಪ್ಪುನೀರು. ಬೀಸುಬಲೆ ಹಿಡಿದ ಕಾಕಾ ಒಬ್ಬರ ಬುಟ್ಟಿಯಲ್ಲಿ ಕರಿಮೀನಿನ ಜೊತೆ ತಿಲಾಪಿಯವೂ ಇತ್ತು. ಇದು ಹಳೆಯ ಮೊಜಾಂಬಿಕ್ ತಿಲಾಪಿಯ. ನಮ್ಮ ದೇಶಕ್ಕೆ ತಂದದ್ದು 1952ರಲ್ಲಿ. ಉಪ್ಪಿಗೂ ಜಗ್ಗುವುದಿಲ್ಲ. ನೈಲ್ ತಿಲಾಪಿಯದೊಂದಿಗೆ ಬೆರಕೆಯೂ ಆಗ್ತದೆ. "ಕರಿಮೀನಿಗೆ ಸಿಗುವ ರೇಟು ಇದಕ್ಕೆಲ್ಲಿ" ಅಂತ ಕಾಕಾ ಅದನ್ನು ಬುಟ್ಟಿಯ ಅಡಿಗೆ ತಳ್ಳಿದರು.

ಬಸ್ ಸ್ಟಾಪಿನಲ್ಲಿ ಕೂತು ಬಾಕಿ ಕಾಲಂ ತುಂಬಿದೆ. ಅಪಾಯ ಜಾಸ್ತಿ. ಖಾತ್ರಿಯೂ ಜಾಸ್ತಿ. ಯಜಮಾನರಿಗೆ ಫೋನು ಮಾಡಿ, ಮಳೆಗೆ ಮೊದಲೇ ಮೀನು ಹಿಡಿದು ಮುಗಿಸಿ, ಪೈಪಿಗೆ ಎರಡು ಪದರ ಬಲೆ ಕಟ್ಟಿ ಅಂದೆ.

"ಕಟ್ಟುವ. ಹಿಡಿದದ್ದನ್ನು ತಗೊಳ್ಳುವ ಜನ ಯಾರಾದ್ರೂ ಉಂಟಾ, ಅದನ್ನೂ ನೀವೇ ಹೇಳಿ" ಅಂದರು.