ಮೂಗುತಿ ತೆಗೆಯದೆ ಹಾಕಿಕೊಳ್ಳುವ ಮಾಸ್ಕ್

ನನಗೆ ಮೂಗು ಚುಚ್ಚಿಸಿದ್ದು 9ನೇ ವಯಸ್ಸಿನಲ್ಲಿ. ಅಲ್ಲಿಂದ ಈಚೆಗೆ ಮೂಗುತಿ ತೆಗೆದದ್ದು ಎರಡೇ ಸಲ, ಎರಡೂ ಹೆರಿಗೆಯ ಆಪರೇಷನ್ ಹೊತ್ತಿನಲ್ಲಿ. ಮೂರನೇ ಸಲ ತೆಗೆದದ್ದು ಕಳೆದ ವರ್ಷ, ನಿದ್ದೆಯಲ್ಲಿ ಉಸಿರಾಟಕ್ಕೆ ಹಾಕಿಕೊಳ್ಳುವ ಒಂದು ಮಾಸ್ಕಿಗಾಗಿ. ಅದು ಬೇಕಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಾನು ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ವಯಸ್ಸು 51. ಬೆಳಿಗ್ಗೆ ಏಳುವಾಗಲೇ ತಲೆನೋವು, ಮಧ್ಯಾಹ್ನ ಪೇಪರ್ ತಿದ್ದುವಾಗ ತೂಕಡಿಕೆ. ಮುಟ್ಟು ನಿಲ್ಲುವ ವಯಸ್ಸು, ಹಾಗೇ ಆಗುತ್ತದೆ ಎಂದು ಎಲ್ಲರೂ ಹೇಳಿದರು. ಗೊರಕೆಯ ಬಗ್ಗೆ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಹೇಳಿಕೊಳ್ಳಲು ನಾಚಿಕೆ. ಕೊನೆಗೆ ನನ್ನ ಕೋಣೆಯಲ್ಲೇ ಮಲಗುವ ಅಮ್ಮ ಹೇಳಿದಳು: "ನಿನ್ನ ಉಸಿರು ನಿಂತೇ ಹೋಗ್ತದೆ ಮಾರಾಯ್ತಿ. ನಾನು ಎದ್ದು ಕೂತು ನೋಡ್ತಾ ಇರ್ತೇನೆ."

ಶಿವಮೊಗ್ಗದಲ್ಲಿ ನಿದ್ರೆಯ ಪರೀಕ್ಷೆ ಆಯಿತು. ಗಂಟೆಗೆ 34 ಸಲ ನನ್ನ ಉಸಿರು ನಿಲ್ಲುತ್ತಿತ್ತು, ಇಲ್ಲವೇ ತೀರಾ ಕಮ್ಮಿಯಾಗುತ್ತಿತ್ತು. 5ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ ಸ್ಲೀಪ್ ಅಪ್ನಿಯಾ ಎಂದರು ಡಾಕ್ಟರು. ಸಿಪ್ಯಾಪ್ ಮೆಷಿನ್ ಬರೆದುಕೊಟ್ಟರು. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿಹೋಗದಂತೆ ಅದು ಪೈಪು, ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಟ್ಟು ತೆರೆದಿಡುತ್ತದೆ.

ಮೆಷಿನ್ ಬಗ್ಗೆ ನಾನು ತುಂಬಾ ವಿಚಾರಿಸಿದೆ. ಮಾಸ್ಕಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮಾರಿದವರು ಮೂಗು, ಬಾಯಿ ಎರಡೂ ಮುಚ್ಚುವ ಫುಲ್ ಫೇಸ್ ಮಾಸ್ಕ್ ಕಳಿಸಿದರು. ಮೀಡಿಯಂ ಸೈಜ್. ಎಲ್ಲರಿಗೂ ಇದೇ ಆಗುತ್ತದೆ ಎಂದರು. ಅಳತೆ ತೆಗೆಯಲಿಲ್ಲ.

ಆ ಎರಡು ತಿಂಗಳು ನೆನೆದರೆ ಈಗಲೂ ಸಂಕಟವಾಗುತ್ತದೆ. ಮೂಗಿನ ಮೇಲ್ಭಾಗದಿಂದ ಗಾಳಿ ಸೋರಿ ನೇರ ಕಣ್ಣಿಗೆ ಬರುತ್ತಿತ್ತು. ಬೆಳಿಗ್ಗೆ ಕಣ್ಣಲ್ಲಿ ಮರಳು ಹಾಕಿದ ಹಾಗೆ. ಸೋರುತ್ತದಲ್ಲ ಎಂದು ಪಟ್ಟಿ ಬಿಗಿ ಮಾಡಿದೆ. ಇನ್ನೂ ಜಾಸ್ತಿ ಸೋರಿತು, ಮತ್ತೂ ಬಿಗಿ ಮಾಡಿದೆ. ಮೂಗಿನ ಏಣಿನ ಮೇಲೆ ಗಾಯವಾಯಿತು. ರಾತ್ರಿ 2 ಗಂಟೆಗೆ ನಿದ್ದೆಗಣ್ಣಲ್ಲೇ ಕಿತ್ತೆಸೆಯುತ್ತಿದ್ದೆ. ಆಮೇಲೆ ನೆಟ್‌ನಲ್ಲಿ ನೋಡಿ ನೇಸಲ್ ಪಿಲ್ಲೋ ತರಿಸಿದೆ. ಮೂಗಿನ ಹೊಳ್ಳೆಗಳಿಗೆ ಕೂರುವ ಎರಡು ಪುಟ್ಟ ಮೆತ್ತೆ, ಅಷ್ಟೆ. ಎಷ್ಟು ಹಗುರ! ಆದರೆ ಮೂಗುತಿಯ ತಿರುಪು ಒಳಗಿನಿಂದ ಅದಕ್ಕೆ ಒತ್ತಿ ಉರಿಯತೊಡಗಿತು. ಮೂಗುತಿ ತೆಗೆದಿಟ್ಟೆ. ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂಗುತಿ ತೆಗೆದ ಮೇಲೂ ಹೊಳ್ಳೆಯ ಒಳಗೆ ನೋವು ಹೋಗಲಿಲ್ಲ.

ಮತ್ತೆ ಶಿವಮೊಗ್ಗಕ್ಕೆ ಹೋದೆ. ನಿದ್ರೆ ಪರೀಕ್ಷೆ ಮಾಡಿದ್ದ ಹುಡುಗಿ ನನ್ನ ಮುಖ ನೋಡಿದವಳೇ, "ಮೇಡಂ, ನಿಮ್ಮ ಮೂಗು ಚಿಕ್ಕದು, ಮೀಡಿಯಂ ಯಾರು ಕೊಟ್ಟರು?" ಎಂದಳು. ಅಳತೆಯ ತಗಡಿನಂಥ ಒಂದು ಪ್ಲಾಸ್ಟಿಕ್ ಹಾಳೆ ಮೂಗಿಗೆ ಹಿಡಿದು ನೋಡಿದಳು. ಸ್ಮಾಲ್. ಮೂಗನ್ನಷ್ಟೇ ಮುಚ್ಚುವ ನೇಸಲ್ ಮಾಸ್ಕ್ ತಂದು, ನನ್ನನ್ನು ಮಂಚದ ಮೇಲೆ ಮಲಗಿಸಿ, ಮೆಷಿನ್ ಹಾಕಿದಳು. ಕೂತುಕೊಂಡು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮಲಗಿದಾಗ ಕೆನ್ನೆ ಜಾರಿ ಮುಖದ ಆಕಾರವೇ ಬದಲಾಗುತ್ತದೆ ಎಂದಳು. ಒತ್ತಡವನ್ನು 10ಕ್ಕೆ ಏರಿಸಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಕಾಲು ಗಂಟೆ ನೋಡಿದಳು. ನನ್ನ ಮೂಗುತಿ ಮೆತ್ತೆಯ ಒಳಗೇ ಕೂತಿತು. ಎಲ್ಲೂ ತಾಗಲಿಲ್ಲ.

ಅವಳು ಕಲಿಸಿದ ಒಂದು ಉಪಾಯ ದಿನಾ ಉಪಯೋಗಕ್ಕೆ ಬರುತ್ತಿದೆ. ಗಾಳಿ ಬರುತ್ತಿರುವಾಗ ಮಾಸ್ಕನ್ನು ಮುಖದಿಂದ ಚೂರು ಎಳೆದು ಮತ್ತೆ ಕೂರಿಸಬೇಕು. ಸಿಲಿಕಾನ್ ಅಂಚು ಗಾಳಿ ತುಂಬಿ ಉಬ್ಬಿ, ತಾನೇ ಚರ್ಮಕ್ಕೆ ಕೂರುತ್ತದೆ. ಪಟ್ಟಿ ಬಿಗಿದರೆ ಆ ಅಂಚು ನಜ್ಜಾಗಿ ಇನ್ನಷ್ಟು ಸೋರುತ್ತದೆ. ಎರಡು ತಿಂಗಳು ನಾನು ಮಾಡಿದ್ದು ಅದನ್ನೇ ಅಲ್ವಾ?

ಫುಲ್ ಫೇಸ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮೂಗು ಸದಾ ಕಟ್ಟುವವರಿಗೆ, ಬಾಯಲ್ಲೇ ಉಸಿರಾಡುವವರಿಗೆ ಅದು ಬೇಕಾಗಬಹುದು. ಆದರೆ ಅದರ ಪಟ್ಟಿ ದವಡೆಯನ್ನು ಹಿಂದಕ್ಕೆ ಒತ್ತಬಹುದು, ಕೆಲವರಿಗೆ ಒತ್ತಡವೂ ಜಾಸ್ತಿ ಬೇಕಾಗುತ್ತದೆ. ಮೂಗು ಸರಿಯಾಗಿದ್ದರೆ ಮೊದಲು ಮೂಗಿನ ಮಾಸ್ಕನ್ನೇ ನೋಡುವುದು ಒಳ್ಳೆಯದು. ನನಗೆ ಮೊದಲ ವಾರ ಬಾಯಿ ತೆರೆದುಕೊಂಡು ಗಂಟಲು ಒಣಗಿತು. ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಹೆಚ್ಚು ಮಾಡಿದ ಮೇಲೆ ಸರಿಹೋಯಿತು. ಆದರೆ ನಮ್ಮೂರ ಡಿಸೆಂಬರ್ ಚಳಿಗೆ ಆ ತೇವ ಪೈಪಿನಲ್ಲಿ ನೀರಾಗಿ ಗುಳುಗುಳು ಎನ್ನುತ್ತಿತ್ತು. ಹಳೆಯ ಹತ್ತಿ ಸೀರೆಯಲ್ಲಿ ಪೈಪಿಗೆ ಚೀಲ ಹೊಲಿದೆ, ಮೆಷಿನನ್ನು ಮಂಚಕ್ಕಿಂತ ಕೆಳಗೆ ಇಟ್ಟೆ. ಈಗ ಸದ್ದಿಲ್ಲ.

ಹೆಂಗಸರಿಗಾಗಿ ಕೆಲವು ಮಾತು, ಇವನ್ನು ನನಗೆ ಯಾರೂ ಹೇಳಿರಲಿಲ್ಲ. ತುರುಬು ಕಟ್ಟಿ ಮಲಗಿದರೆ ಹಿಂದಿನ ಪಟ್ಟಿ ಜಾರುತ್ತದೆ. ಸಡಿಲ ಜಡೆ ಹಾಕಿ ಪಟ್ಟಿಗಳ ನಡುವಿನ ಜಾಗದಿಂದ ಹೊರಗೆಳೆಯಿರಿ. ತಲೆಗೆ ಎಣ್ಣೆ ಹಚ್ಚಿದ ರಾತ್ರಿಯೂ ಜಾರುತ್ತದೆ. ಮುಖಕ್ಕೆ ಕ್ರೀಮ್, ಅರಿಶಿನ ಇದ್ದರೆ ಸಿಲಿಕಾನ್ ಹಿಡಿಯುವುದಿಲ್ಲ, ಹಳದಿ ಕಲೆ ಬೇರೆ. ನಾನು ಮಲಗುವ ಮೊದಲು ಮುಖ ತೊಳೆಯುತ್ತೇನೆ, ಬೆಳಿಗ್ಗೆ ಮೆತ್ತೆಯನ್ನು ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ.

ಇನ್ನೊಂದು ವಿಷಯ ತುಂಬಾ ಮುಖ್ಯ. ಕೆಲವು ಮಾಸ್ಕಿನ ಕ್ಲಿಪ್‌ಗಳಲ್ಲಿ ಅಯಸ್ಕಾಂತ ಇರುತ್ತದೆ. ಅಮ್ಮನಿಗೆ ಪೇಸ್‌ಮೇಕರ್ ಇದೆ. ಅಯಸ್ಕಾಂತ ಅಂಥ ಸಾಧನಗಳಿಗೆ ತೊಂದರೆ ಕೊಡಬಹುದು. ಪಕ್ಕದಲ್ಲಿ ಮಲಗುವವರಿಗೂ ಈ ಮಾತು ಅನ್ವಯಿಸುತ್ತದೆ. ಹಾಗಾಗಿ ಸಾದಾ ಕೊಕ್ಕೆಯ ಕ್ಲಿಪ್ಪನ್ನೇ ಕೇಳಿ ತಗೊಂಡೆ. ಮಾಸ್ಕಿನ ಮುಂದಿನ ಸಣ್ಣ ತೂತುಗಳಿಂದ ಅಮ್ಮನ ಮುಖಕ್ಕೆ ಗಾಳಿ ಬೀಸುತ್ತದೆ ಎಂದು ಒಮ್ಮೆ ಬಟ್ಟೆ ಮುಚ್ಚಲು ಹೋಗಿದ್ದೆ. ಹಾಗೆ ಖಂಡಿತ ಮಾಡಬೇಡಿ. ನಾವು ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದೇ.

ಸಿಪ್ಯಾಪ್ ಶುರುಮಾಡಿದವರು ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್. ಅವರ ಮೊದಲ ವರದಿ ಬಂದದ್ದು 1981ರಲ್ಲಿ. ಆ ಮೊದಲ ವರ್ಷಗಳಲ್ಲಿ ಒಬ್ಬೊಬ್ಬ ರೋಗಿಯ ಮೂಗಿನ ಅಚ್ಚು ತೆಗೆದು ಅವರವರಿಗೇ ಮಾಸ್ಕ್ ಮಾಡುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಆಗ ಅಷ್ಟು ಕಷ್ಟಪಟ್ಟು ಅಳತೆ ನೋಡುತ್ತಿದ್ದರು. ಈಗ ಪೆಟ್ಟಿಗೆಯಲ್ಲಿ ಮೂರು ಸೈಜ್ ಸಿಗುವ ಕಾಲದಲ್ಲಿ ನೋಡದೆ ಕೊಡುತ್ತಾರೆ. ಮಾಸ್ಕ್ ಒಗ್ಗಲಿಲ್ಲ ಎಂದು ಮೆಷಿನನ್ನೇ ಅಟ್ಟಕ್ಕೆ ಹಾಕಿದವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ಇಬ್ಬರಿಗೂ ಫೋನ್ ಮಾಡಿ ಅಳತೆ ತೆಗೆಸಿಕೊಂಡು ಬನ್ನಿ ಎಂದು ಹೇಳಿದೆ. ಒಬ್ಬರು ಹೋಗಿ ಬಂದಿದ್ದಾರೆ.

ಹಳೆಯ ಫುಲ್ ಫೇಸ್ ಮಾಸ್ಕನ್ನು ನಾನು ಎಸೆದಿಲ್ಲ. ಅದೇ ಫ್ರೇಮಿಗೆ ಸ್ಮಾಲ್ ಮೆತ್ತೆ ಬೇರೆ ಸಿಗುತ್ತದೆ ಎಂದು ಆ ಹುಡುಗಿ ಹೇಳಿದ್ದಳು, ತರಿಸಿಟ್ಟಿದ್ದೆ. ಜುಲೈ ಮಳೆಯಲ್ಲಿ ನೆಗಡಿಯಾಗಿ ಮೂಗು ಪೂರ್ತಿ ಕಟ್ಟಿದಾಗ ಮೂರು ರಾತ್ರಿ ಅದನ್ನೇ ಹಾಕಿಕೊಂಡೆ. ಕಣ್ಣಿಗೆ ಗಾಳಿ ಬರಲಿಲ್ಲ. ಬೆಳಿಗ್ಗೆ ಅಮ್ಮನನ್ನು ಕೇಳಿದೆ, ರಾತ್ರಿ ಎದ್ದು ನೋಡಿದೆಯಾ ಎಂದು. "ಇಲ್ಲ, ನನಗೂ ನಿದ್ದೆ ಬಂದಿತ್ತು" ಎಂದಳು.